ಕುಲುಮೆ ದೇವರ ಬಲೆ

ಆ ಬೀದಿಯಲ್ಲಿ ಹುಟ್ಟಿದಾಗ ಇಟ್ಟ ಹೆಸರು ಯಾರಿಗೂ ಹೆಚ್ಚು ಕಾಲ ಬಾಳುತ್ತಿರಲಿಲ್ಲ. ಮನುಷ್ಯ ಒಂದೇ ಒಂದು ಸಲ ನಗೆಪಾಟಲಾದರೆ ಸಾಕು, ಆ ನಗೆಯೇ ಹೆಸರಾಗಿ ಅವನ ಹೆಗಲೇರಿ ಕೂರುತ್ತಿತ್ತು. ಮಣ್ಣಿಗೆ ಹೋಗುವ ತನಕ ಇಳಿಯುತ್ತಿರಲಿಲ್ಲ. ಚಹಾ ಅಂಗಡಿಯವನು ಅಂಗಡಿ ಇಟ್ಟ ಹೊಸದರಲ್ಲಿ ಸಕ್ಕರೆಯೆಂದು ಉಪ್ಪು ಹಾಕಿ ಚಹಾ ಕೊಟ್ಟಿದ್ದ. ಈಗ ತಲೆ ನೆರೆತು, ಮೊಮ್ಮಕ್ಕಳಾಗಿ, ಹಲ್ಲು ಅಲ್ಲಾಡುತ್ತಿದ್ದರೂ ಅವನು ಉಪ್ಪು. ಕ್ಷೌರದವನು ಮಾತಿನ ಭರದಲ್ಲಿ ಗಿರಾಕಿಯೊಬ್ಬನ ಮೀಸೆಯ ಒಂದು ಕಡೆ ಬೋಳಿಸಿಬಿಟ್ಟಿದ್ದ; ಅವನು ಅರ್ಧಮೀಸೆ. ಕಮ್ಮಾರನಿಗೆ ಮಾತ್ರ ಹೀಗೆ ತಪ್ಪು ಮಾಡಿ ಹೆಸರು ಗಳಿಸುವ ಅವಕಾಶವೇ ಸಿಕ್ಕಿರಲಿಲ್ಲ. ಅವನ ಎಡಗಾಲು ಮೊದಲಿನಿಂದಲೂ ಗಿಡ್ಡ, ನೆಲವನ್ನು ಅರೆಮನಸ್ಸಿನಿಂದ ಮುಟ್ಟುವಂಥದು. ಅವನು ಚಿಕ್ಕವನಿದ್ದಾಗಲೇ ಅವನ ಅಣ್ಣ ಹಿಂದೆ ನಿಂತು, "ಒಂದೂವರೆ, ಒಂದೂವರೆ" ಎಂದು ಹೆಜ್ಜೆಗೆ ತಾಳ ಹಾಕಿದ್ದ. ಬೀದಿ ಅದನ್ನು ಎತ್ತಿಕೊಂಡಿತು. ಈಗ ದೂರದೂರದವರೂ ಗುದ್ದಲಿ ಹಿಡಿದು ಬಂದು, "ಒಂದೂವರೆ ಕಮ್ಮಾರ ಅಂದ್ರೆ ಇವರೇನಾ?" ಎಂದು ಅವನನ್ನೇ ಕೇಳುತ್ತಿದ್ದರು. ಅವನು ಸಿಟ್ಟು ಮಾಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ಮರೆತಿರಲಿಲ್ಲ, ಅಷ್ಟೇ.

ಇಡೀ ಬೀದಿಯಲ್ಲಿ ಅಡ್ಡಹೆಸರಿಲ್ಲದೆ ಉಳಿದಿದ್ದವನೆಂದರೆ ಆ ಅಣ್ಣನೊಬ್ಬನೇ. ಅಗಲ ಎದೆಯ, ನೆಟ್ಟಗೆ ನಡೆಯುವ, ಅಳೆದು ಮಾತಾಡುವ ಆಸಾಮಿ. ಹೊಲದ ಬದುವಿನ ಜಗಳಗಳನ್ನು ಅವನೇ ತೀರಿಸಬೇಕು. ಅವನು ಎಡವಿದ್ದನ್ನು ಯಾರೂ ಕಂಡಿರಲಿಲ್ಲ. ತುತ್ತು ಜಾರಿದ್ದನ್ನೂ ಕಂಡಿರಲಿಲ್ಲ. ಬೀದಿ ತಾಳ್ಮೆಯಿಂದ ಕಾಯುತ್ತಿತ್ತು.

ಅಣ್ಣ ತಮ್ಮಂದಿರಿಗೆ ಮಾತಿರಲಿಲ್ಲ. ಅಪ್ಪ ಸಾಯುವ ಮುಂಚೆ, "ಹೊಲ ದೊಡ್ಡವನಿಗೆ, ಕುಲುಮೆ ಚಿಕ್ಕವನಿಗೆ" ಎಂದು ಹೇಳಿ ಗೋಡೆ ಕಡೆ ಮಗ್ಗುಲಾಗಿದ್ದ. ಯಾಕೆಂದು ಹೇಳಿರಲಿಲ್ಲ. ಅಂದಿನಿಂದ ಇಬ್ಬರೂ ಎದುರಾದರೆ ಒಬ್ಬರಿಗೊಬ್ಬರು ನೇರವಾಗಿ ಏನೂ ಹೇಳುತ್ತಿರಲಿಲ್ಲ. ಹೇಳಲೇಬೇಕಾದರೆ ಹತ್ತಿರದಲ್ಲಿದ್ದ ಮರಕ್ಕೋ ಎತ್ತಿಗೋ ಹೇಳುತ್ತಿದ್ದರು. "ಈ ಎತ್ತಿನ ಯಜಮಾನನಿಗೆ ನೇಗಿಲ ಕುಳ ಮೊಂಡಾಗಿರೋದು ಗೊತ್ತಿಲ್ವೇನೋ" ಎಂದು ತಮ್ಮ ಎತ್ತಿಗೆ ಹೇಳಿದರೆ, "ಈ ಎತ್ತಿಗೆ ಬೇರೆ ಊರಲ್ಲೂ ಕಮ್ಮಾರರು ಗೊತ್ತು" ಎಂದು ಅಣ್ಣ ಅದೇ ಎತ್ತಿಗೆ ಹೇಳುತ್ತಿದ್ದ. ಎತ್ತು ಪಾಪ, ಇಬ್ಬರ ಕಡೆಯೂ ತಲೆಯಾಡಿಸುತ್ತಿತ್ತು.

ಹೀಗಿರುವಾಗ ಶಾಲೆಯ ಗಂಟೆಯ ನಾಲಿಗೆ ಕಳಚಿ ಬಿತ್ತು. ಅದನ್ನು ಕೈಯಲ್ಲಿ ಹಿಡಿದು ಟೀಚರಮ್ಮ ಕುಲುಮೆಗೆ ಬಂದರು. ಮಗುಚಿಟ್ಟ ಬಾನಿಯೊಂದರ ಅಂಚಿನಲ್ಲಿ ಕೂತರು. ಕಮ್ಮಾರ ಕೊಂಡಿ ಕಾಯಿಸುತ್ತಿದ್ದ. ಬೀದಿಯಿಂದ ಉಪ್ಪು ಕೂಗಿದ, "ಒಂದೂವರೇ! ಕೆಟಲ್ ಹಿಡಿ ಹಾಕಿದ್ದಾಯ್ತಾ?"

ಟೀಚರಮ್ಮನ ಹುಬ್ಬು ಗಂಟಾಯಿತು. "ಇದೇನು ಹಾಗೆ ಕರೀತಾರೆ? ನಿಮಗೆ ಬೇಜಾರಾಗಲ್ವಾ?"

"ಕಾಲಿರೋದೇ ಅಷ್ಟು, ಟೀಚರಮ್ಮ. ಲೆಕ್ಕ ತಪ್ಪಿಲ್ಲವಲ್ಲ."

"ಗ್ರೀಕರ ದೇವರುಗಳಲ್ಲಿ ನಿಮ್ಮ ಥರದವನೇ ಒಬ್ಬ ಇದ್ದಾನೆ. ಹೆಫೆಸ್ಟಸ್ ಅಂತ. ಕುಂಟ. ಕಮ್ಮಾರ."

ಕಮ್ಮಾರ ಬೆಂಕಿಗೆ ಗಾಳಿ ಹಾಕುವ ತಿದಿಯ ಹಗ್ಗ ಎಳೆಯುವುದನ್ನು ನಿಲ್ಲಿಸಿದ. "ದೇವರಲ್ಲಿ ಕಮ್ಮಾರನಾ?"

"ಕಮ್ಮಾರರಲ್ಲೇ ದೇವರು. ಬೆಟ್ಟದ ತುದೀಲಿ ಆ ದೇವರೆಲ್ಲ ಕೂತಿದ್ದಾರಲ್ಲ, ಅವರ ಕುರ್ಚಿ ಇವನು ಮಾಡಿದ್ದು. ಗುರಾಣಿ ಇವನದು, ಬಾಗಿಲ ಚಿಲಕ ಇವನದು. ಉಳಿದವರಿಗೆಲ್ಲ ರೂಪ, ಗತ್ತು. ಬೆವರು ಸುರಿಸೋ ದೇವರು ಅಂದ್ರೆ ಇವನೊಬ್ಬನೇ."

"ಕಾಲಿಗೆ ಏನಾಗಿತ್ತಂತೆ?"

"ಒಂದು ಕಥೇಲಿ, ಹುಟ್ಟಿದ ಮಗು ಕುಂಟು ಅಂತ ಅಮ್ಮನೇ ಬೆಟ್ಟದಿಂದ ಕೆಳಗೆ ಎಸೆದಳು. ಇನ್ನೊಂದು ಕಥೇಲಿ, ಅಪ್ಪ ಅಮ್ಮನ ಜಗಳದಲ್ಲಿ ಇವನು ಅಮ್ಮನ ಪರ ಮಾತಾಡಿದ; ಅಪ್ಪ ಕಾಲು ಹಿಡಿದು ಬೀಸಿ ಒಗೆದ. ಬಿದ್ದು ಕುಂಟನಾದ."

"ಹಾಗಾದ್ರೆ ಕುಂಟ ಅಂತ ಎಸೆದರೋ, ಎಸೆದಿದ್ದಕ್ಕೆ ಕುಂಟ ಆದನೋ?"

"ಎರಡೂ ಹೇಳ್ತಾರೆ."

"ಎರಡೂ ಹೇಗಾಗುತ್ತೆ? ಯಾವುದೋ ಒಂದು ಸುಳ್ಳಿರಬೇಕು."

"ಒಂದೇ ಮನೇಲಿ ನಡೆದಿದ್ದನ್ನ ಇಬ್ಬರು ಮಕ್ಕಳನ್ನ ಬೇರೆ ಬೇರೆ ಕೂರಿಸಿ ಕೇಳಿ ನೋಡಿ. ಒಂದೇ ಥರ ಹೇಳ್ತಾರಾ?" ಎಂದರು ಟೀಚರಮ್ಮ.

ಗಂಟೆಯ ನಾಲಿಗೆ ಸರಿಹೋಯಿತು, ಕಮ್ಮಾರನ ನಾಲಿಗೆಗೆ ಹೊಸ ಹುರುಪು ಬಂತು. ಆ ಸಂಜೆ ಅವನು ಮನೆಗೆ ಹೋದ ರೀತಿಯೇ ಬೇರೆ. ಕುಂಟುವುದನ್ನು ಬಿಡಲಾಗದಿದ್ದರೂ ಕುಂಟುವುದರಲ್ಲಿ ಒಂದು ಠೀವಿ ಬಂದಿತ್ತು. ಹೆಂಡತಿ ಗಮನಿಸಿದಳು. ಅವಳು ಗಮನಿಸದ ವಿಷಯ ಆ ಮನೆಯಲ್ಲಿ ಇರಲಿಲ್ಲ.

"ಏನ್ರೀ, ಇವತ್ತು ನಡಿಗೆ ಮೆರವಣಿಗೆ ಥರ ಇದೆ?"

"ನನ್ನಂಥವನೇ ಒಬ್ಬ ದೇವರಿದ್ದಾನೆ ಕಣೆ," ಎಂದು ಅವನು ಎಲ್ಲವನ್ನೂ ಹೇಳಿದ.

"ಹೌದಾ," ಎಂದಳು ಅವಳು. "ದೇವರೇ, ಕೈಕಾಲು ತೊಳ್ಕೊಂಡು ಊಟಕ್ಕೆ ದಯಮಾಡಿಸಿ. ಹಾಗೇ ದಾರೀಲಿ ಆ ಬಾವಿಯ ರಾಟೆಗೂ ಒಂದು ತೊಟ್ಟು ಎಣ್ಣೆ ಕರುಣಿಸಿ. ಭಕ್ತಳು ಹೋದ ತಿಂಗಳಿಂದ ಬೇಡ್ಕೊಳ್ತಾ ಇದ್ದಾಳೆ."

ಅವನಿಗೆ ನಗು ಬಂತು. ಆದರೂ ರಾಟೆಗೆ ಎಣ್ಣೆ ಹಾಕಲಿಲ್ಲ. ದೇವರಾದವರಿಗೆ ಸ್ವಲ್ಪ ಕಾಯಿಸುವ ಹಕ್ಕಿರುತ್ತದೆ.

ಅದೇ ದಿನಗಳಲ್ಲಿ ಕುಲುಮೆಯಲ್ಲಿ ವಿಚಿತ್ರವೊಂದು ಶುರುವಾಯಿತು. ಕುಲುಮೆಗೆ ಮೂರು ಗೋಡೆ. ನಾಲ್ಕನೆಯದು ಬೀದಿಗೆ ಬಿಟ್ಟದ್ದು, ಬಾಗಿಲೆಂಬುದಿಲ್ಲ. ಮಧ್ಯಾಹ್ನ ಕಮ್ಮಾರ ಬೆಂಕಿಗೆ ಬೂದಿ ಮುಚ್ಚಿ ಊಟಕ್ಕೆ ಹೋಗುತ್ತಿದ್ದ. ಆ ಹೊತ್ತಿಗೆ ಬೀದಿಯೂ ಕಣ್ಣು ಮುಚ್ಚುತ್ತಿತ್ತು. ಉಪ್ಪು ಬೆಂಚಿನ ಮೇಲೆ, ಅರ್ಧಮೀಸೆ ತನ್ನದೇ ಗಿರಾಕಿ ಕುರ್ಚಿಯಲ್ಲಿ, ನಾಯಿಗಳು ಗಾಡಿಗಳ ಕೆಳಗೆ. ಊಟ ಮಾಡಿ ಒಂದು ಕೋಳಿನಿದ್ದೆ ತೆಗೆದು ಕಮ್ಮಾರ ಮರಳಿದರೆ ಯಾರೋ ಬಂದು ಹೋದಂತೆ ಕಾಣುತ್ತಿತ್ತು. ಬೂದಿಯ ಕೆಳಗಿನ ಕೆಂಡ ಇರಬೇಕಾದ್ದಕ್ಕಿಂತ ಜೀವಂತ. ಕಬ್ಬಿಣ ಅದ್ದುವ ಬಾನಿಯ ನೀರು ಬೆಚ್ಚಗೆ. ಸುತ್ತಿಗೆ ಅವನು ಎಂದೂ ಇಡದ ಕಡೆ. ಇದ್ದಿಲ ಮೂಟೆಯಲ್ಲಿ ಗುಳಿ.

ಕದ್ದದ್ದು ಇದ್ದಿಲೊಂದೇ, ಅದೂ ಒಂದೆರಡು ಬೊಗಸೆ. ಆದರೆ ಕಮ್ಮಾರನಿಗೆ ಮೈಯೆಲ್ಲ ಉರಿದುಹೋಯಿತು. ಹೊಲ ತನ್ನದಲ್ಲ, ಅಪ್ಪನ ಮನೆ ತನ್ನದಲ್ಲ, ಹೆಸರು ಕೂಡ ತನ್ನದಲ್ಲ. ಮೂರು ಗೋಡೆಯ ಈ ಕಪ್ಪು ಗೂಡೊಂದು ತನ್ನದು. ಅದರೊಳಗೆ ಯಾವನೋ ಬಂದು ತನ್ನ ಬೆಂಕಿಗೆ ಗಾಳಿ ಹಾಕುತ್ತಾನೆಂದರೆ! ತನ್ನ ಚಪ್ಪಲಿಯನ್ನು ಬೇರೆಯವರು ಮೆಟ್ಟಿ ಬಿಟ್ಟು ಹೋದರೆ ಆಗುವಂಥ ಅಸಹ್ಯವಾಯಿತು ಅವನಿಗೆ.

ಟೀಚರಮ್ಮ ಮತ್ತೆ ಬಂದಾಗ, ಈ ಸಲ ಶಾಲೆಯ ತೋಟದ ಗುದ್ದಲಿಗಳ ನೆಪದಲ್ಲಿ, ಅವನು ಕೇಳಿಯೇಬಿಟ್ಟ. "ನಿಮ್ಮ ಆ ಕುಂಟ ದೇವರ ಕುಲುಮೆಗೆ ಯಾವನಾದರೂ ಕದ್ದು ನುಗ್ಗಿದ್ದನಾ? ಇವನೇನು ಮಾಡಿದ?"

"ಕುಲುಮೆಗೆ ಅಂತಲ್ಲ… ಮನೆಗೆ. ಮನೆಗೆ ಒಬ್ಬ ದೇವರು ಕದ್ದು ಬರ್ತಿದ್ದ."

"ಏನು ಕದಿಯೋಕೆ?"

ಟೀಚರಮ್ಮ ಕೊಡೆಯ ತುದಿಯಿಂದ ನೆಲ ಕೆದಕಿದರು. ಅವರು ಮೇಲಿನ ತರಗತಿಯ ಮಕ್ಕಳಿಗೂ ಈ ಕಥೆಯ ಮಧ್ಯದ ಪುಟ ಹಾರಿಸಿಯೇ ಹೇಳುತ್ತಿದ್ದರು. "ಅದು… ಏನೋ ಒಂದು. ಮನೇದೇ ಒಂದು… ಇರಲಿ ಬಿಡಿ. ಇವನು ತಂತಿಯಿಂದ ಬಲೆ ಹೆಣೆದ. ಜೇಡರ ಬಲೆಗಿಂತ ಸಣ್ಣ ಎಳೆ, ಕಣ್ಣಿಗೆ ಕಾಣಲ್ಲ, ಕಿತ್ತರೆ ಕೀಳಲ್ಲ. ಅದನ್ನ ಮೇಲೆ ಕಟ್ಟಿಟ್ಟು ಊರಿಗೆ ಹೋಗೋ ನಾಟಕ ಆಡಿದ. ಕಳ್ಳ ಬಂದ, ಬಲೆ ಬಿತ್ತು. ಇವನು ದೇವರನ್ನೆಲ್ಲ ಕೂಗಿ ಕರೆದ. ಎಲ್ಲರೂ ಬಂದು ಬಾಗಿಲಲ್ಲಿ ನಿಂತು ನಕ್ಕರೂ ನಕ್ಕರು, ನಗು ನಿಲ್ಲಲೇ ಇಲ್ಲವಂತೆ."

"ಆಮೇಲೆ?"

"ಆಮೇಲೆ ಗಂಟೆ ಹೊಡೆಯೋ ಹೊತ್ತಾಯ್ತು," ಎಂದು ಟೀಚರಮ್ಮ ಎದ್ದರು. "ಗುದ್ದಲಿ ಆದಾಗ ಹೇಳಿ ಕಳಿಸಿ."

ಕಮ್ಮಾರನಿಗೆ ಅಷ್ಟು ಸಾಕಾಗಿತ್ತು. ಅರ್ಧ ಕಥೆ ಕೇಳಿ ಪೂರ್ತಿ ಕೆಲಸಕ್ಕೆ ಇಳಿಯುವವರಲ್ಲಿ ಅವನೇ ಮೊದಲಿಗನೂ ಅಲ್ಲ, ಕೊನೆಯವನೂ ಅಲ್ಲ. ಊರವರ ಕತ್ತಿ ಗುದ್ದಲಿಗಳನ್ನು ಬದಿಗಿಟ್ಟು ತಂತಿ ಕಾಯಿಸಿ ಎಳೆದ, ಎಳೆದು ತೆಳ್ಳಗೆ ಮಾಡಿದ, ಎಣ್ಣೆ ಮಸಿ ಸವರಿ ಕಪ್ಪಾಗಿಸಿದ. ಕಣ್ಣಿಗೆ ಕಣ್ಣು ಪೋಣಿಸಿ ಹೆಣೆದ. ಅಂಚಿನ ತುಂಬ ಬೆಕ್ಕಿನುಗುರಿನಂಥ ಕೊಕ್ಕೆಗಳು. ಬಲೆ ಬಿದ್ದೊಡನೆ ಒಂದು ಕೊಕ್ಕೆ ಇನ್ನೊಂದನ್ನು ಕಚ್ಚಿಕೊಳ್ಳಬೇಕು, ಒಳಗಿನಿಂದ ಬಿಚ್ಚಲಾಗಬಾರದು, ಹೊರಗಿನಿಂದ ಬಿಚ್ಚಬೇಕಾದರೂ ಒಂದೊಂದನ್ನೇ ಸಮಾಧಾನ ಮಾಡಬೇಕು. ಮಸಿಹಿಡಿದ ತೊಲೆಗೆ ಅದನ್ನು ಮಡಚಿ ಕಟ್ಟಿ, ತಿದಿಯ ಹಗ್ಗಕ್ಕೆ ಗೂಟವೊಂದನ್ನು ಹೊಂದಿಸಿದ. ಗಾಳಿ ಹಾಕಲು ಜೋರಾಗಿ ಎಳೆದರೆ ಗೂಟ ಕಳಚಿಕೊಳ್ಳುತ್ತದೆ. ಅಂಥ ಕೆಲಸವನ್ನು ಅವನು ಅದಕ್ಕೆ ಮುಂಚೆ ಮಾಡಿರಲಿಲ್ಲ. ಸಿಟ್ಟಿನಲ್ಲಿ ಶುರು ಮಾಡಿದ್ದು, ಮುಗಿಸುವಾಗ ಖುಷಿಯೇ ಹೆಚ್ಚಾಗಿತ್ತು.

ಮುಗಿದ ಮೇಲೆ ಬೀದಿಯುದ್ದಕ್ಕೂ ಹೋಗಿ ಒಬ್ಬೊಬ್ಬರನ್ನೇ ಕರೆದ. "ನಾಳೆ ಮಧ್ಯಾಹ್ನ ಮಲಗಬೇಡಿ. ನಾನು ಊಟಕ್ಕೆ ಹೋದ ಹಾಗೆ ಮಾಡಿ ಹಿಂದಿನ ಗೋಡೆ ಸಂದಿಯಿಂದ ಬಂದು ಅಡಗಿ ಕೂರ್ತೀನಿ. ಬಲೆ ಬಿದ್ದ ಸದ್ದು ಕೇಳಿದ ಕೂಡಲೇ ಬನ್ನಿ. ಕುಲುಮೆ ದೇವರು ಮಾಡಿದ ಹಾಗೇ ಮಾಡ್ತೀನಿ, ನಗೋಕೆ ಹೊಟ್ಟೇಲಿ ಜಾಗ ಇಟ್ಕೊಂಡು ಬನ್ನಿ."

"ಕಳ್ಳನಿಗೆ ಹೆಸರಿಡೋದು ನನ್ನ ಜವಾಬ್ದಾರಿ," ಎಂದ ಅರ್ಧಮೀಸೆ, ಈಗಲೇ ಬಾಯಿ ಚಪ್ಪರಿಸುತ್ತ.

ಗಂಡನ ಬಾಯಿಂದ ಬಲೆಯ ಕಥೆ ಕೇಳಿದ್ದ ಕಮ್ಮಾರನ ಹೆಂಡತಿಗೆ ಮಾತ್ರ ಸಮಾಧಾನವಿರಲಿಲ್ಲ. ಮನೆಗೆ ಕದ್ದು ಬರುತ್ತಿದ್ದ ದೇವರು ಕದ್ದದ್ದಾದರೂ ಏನು? ಗಂಡಸರು ಕಥೆಯಲ್ಲಿ ಬಲೆ ನೋಡುತ್ತಾರೆ. ಅವಳಿಗೆ ಅದರೊಳಗೆ ಏನಿತ್ತೆಂದು ತಿಳಿಯಬೇಕಿತ್ತು. ಮರುದಿನ ಬೆಳಿಗ್ಗೆ ಗುದ್ದಲಿಗಳನ್ನು ತಲುಪಿಸುವ ನೆಪ ಮಾಡಿ ಶಾಲೆಗೆ ಹೋದಳು. ವಾಪಸು ಬಂದಾಗ ಅವಳ ಮುಖ ಕಾದ ಕುಳದ ಹಾಗಿತ್ತು.

"ರೀ. ಆ ಬಲೆ ಯಾರಿಗೆ ಹೆಣೆದಿದ್ದೀರಿ?"

"ಕಳ್ಳನಿಗೆ."

"ನಿಮ್ಮ ಕುಲುಮೆ ದೇವರು ಯಾರಿಗೆ ಹೆಣೆದಿದ್ದ ಗೊತ್ತಾ? ಹೆಂಡತಿಗೆ! ಹೆಂಡತಿ ಮಂಚದ ಮೇಲೆ ಕಟ್ಟಿದ್ದ! ಬರ್ತಿದ್ದ ಕಳ್ಳ ಯಾಕೆ ಬರ್ತಿದ್ದ ಅಂತ ನಾನು ಬಾಯಿ ಬಿಟ್ಟು ಹೇಳಬೇಕಾ? ಬೀದಿ ತುಂಬ ಡಂಗುರ ಹೊಡ್ಕೊಂಡು ಬಂದಿದ್ದೀರಲ್ಲ, ಕುಲುಮೆ ದೇವರು ಮಾಡಿದ ಹಾಗೇ ಮಾಡ್ತೀನಿ ಅಂತ! ನಾಳೆ ಯಾರಾದರೂ ಪೂರ್ತಿ ಕಥೆ ಓದಿದರೆ ನನ್ನ ಮುಖ ಎಲ್ಲಿಡಲಿ?"

ಕಮ್ಮಾರ ಬೆವೆತ. "ಆ ಟೀಚರಮ್ಮ ಹೇಳಲೇ ಇಲ್ಲ ಕಣೆ…"

"ಹೇಗೆ ಹೇಳ್ತಾರೆ? ಹೆಣ್ಣು ದೇವತೆಗಳೆಲ್ಲ ಆ ದಿನ ನಾಚಿಕೆಯಿಂದ ಮನೇಲೇ ಉಳಿದರಂತೆ, ನೋಡೋಕೆ ಹೋದವರು ಬರೀ ಗಂಡಸರು. ಹಾಗೆ ಟೀಚರಮ್ಮನೂ ಕಥೇಲಿ ಅಲ್ಲಿಗೆ ಹೋಗಿಲ್ಲ." ಅವಳು ಕೂತಳು. ಸಿಟ್ಟು ಸ್ವಲ್ಪ ಇಳಿದಿತ್ತು. ಅಥವಾ ಕಥೆ ಸಿಟ್ಟನ್ನು ಮೀರಿ ಅವಳನ್ನು ಹಿಡಿದಿತ್ತು. "ಎಲ್ಲರೂ ನಕ್ಕರಂತೆ. ಸಿಕ್ಕಿಬಿದ್ದವರನ್ನ ನೋಡಿ ನಕ್ಕರು, ಬಲೆ ಕಟ್ಟಿದವನನ್ನ ನೋಡಿಯೂ ನಕ್ಕರು. ಬಿಚ್ಚಿದ ಮೇಲೆ ಅವರಿಬ್ಬರೂ ಒಂದೊಂದು ದಿಕ್ಕಿಗೆ ಹೋದರು. ಅವಳು ಸ್ನಾನ ಮಾಡಿ ಹೂವಿನ ಹಾಗೆ ಮತ್ತೆ ಮೊದಲಿನಂಗೇ ಆದಳಂತೆ. ಇವನಿಗೆ ಏನು ದಕ್ಕಿತು? ಮನೆಯೊಳಗಿದ್ದ ನೋವು ಆಕಾಶಕ್ಕೆಲ್ಲ ಗೊತ್ತಾಯ್ತು, ಅಷ್ಟೇ."

"ಯಾರೂ ಸುಮ್ಮನಿರಿ ಅನ್ನಲಿಲ್ವಾ?"

"ಒಬ್ಬ ಅಂದನಂತೆ. ಸಮುದ್ರದ ದೇವರು, ಪೊಸೈಡನ್, ಇವನಿಗೆ ದೊಡ್ಡಪ್ಪನೋ ಚಿಕ್ಕಪ್ಪನೋ ಆಗಬೇಕು. ಅವನೊಬ್ಬ ನಗಲಿಲ್ಲ. ಬಿಟ್ಟುಬಿಡಪ್ಪ, ಅವನಿಗೆ ನಾನು ಹೊಣೆ ಅಂದ."

"ಯಾಕೆ ನಗಲಿಲ್ಲ?"

"ಅದನ್ನ ಕಥೇಲಿ ಹೇಳಿಲ್ಲವಂತೆ. ನಗಲಿಲ್ಲ ಅಂತ ಮಾತ್ರ ಹೇಳಿದ್ದಾರಂತೆ."

ಮಧ್ಯಾಹ್ನವಾಗುತ್ತ ಬಂದಿತ್ತು. ಕರೆದವರನ್ನು ಬರಬೇಡಿ ಎನ್ನುವಂತಿರಲಿಲ್ಲ. ಆ ಬೀದಿಯವರಿಗೆ ಬಡಿಸಿದ ಎಲೆಯನ್ನು ಎಳೆದುಕೊಂಡರೂ ಸಹಿಸಿಯಾರು, ತೋರಿಸಿದ ನಗೆಯನ್ನು ಎಳೆದುಕೊಂಡರೆ ಸಹಿಸರು. ಕಮ್ಮಾರ ಸಂದಿಯಿಂದ ನುಸುಳಿ ಇದ್ದಿಲ ಮೂಟೆಗಳ ಹಿಂದೆ ಮುದುರಿ ಕೂತ. ನಗದೆ ನಿಂತ ಆ ಮುದಿ ದೇವರು ತಲೆಯಿಂದ ಇಳಿಯಲೊಲ್ಲ. ಯಾಕಿರಬಹುದು? ಹಲ್ಲುನೋವೇ? ತಾನೂ ಹಿಂದೊಮ್ಮೆ ಎಲ್ಲೋ ಸಿಕ್ಕಿಬಿದ್ದಿದ್ದನೇ?

ಬಿಸಿಲಿನಲ್ಲಿ ನೆರಳೊಂದು ಸರಿಯಿತು. ತಲೆಗೆ ಬಟ್ಟೆ ಸುತ್ತಿದ ಒಬ್ಬ ಒಳಗೆ ಬಂದ. ಅತ್ತಿತ್ತ ನೋಡಿದ. ಬಟ್ಟೆ ಸರಿಸಿದ.

ಅಣ್ಣ.

ಅಣ್ಣ ಕಬ್ಬಿಣ ಬಡಿಯುವ ಅಡಿಗಲ್ಲಿನ ಬಳಿ ಹೋಗಿ, ಎತ್ತಿನ ಬೆನ್ನು ಸವರುವಂತೆ ಅದರ ಮೇಲೆ ಅಂಗೈ ಎಳೆದ. ಸೊಂಟದಿಂದ ಒಂದು ವಸ್ತು ತೆಗೆದ. ಕುಡುಗೋಲೆಂದು ಹೇಳಬಹುದಾದದ್ದು. ನಾಯಿಬಾಲವೆಂದರೂ ನಡೆಯುತ್ತಿತ್ತು. ಅದನ್ನು ಬೆಳಕಿಗೆ ಹಿಡಿದು ನಿಟ್ಟುಸಿರಿಟ್ಟು, ಬೂದಿ ಕೆದಕಿ, ಎರಡು ಬೊಗಸೆ ಇದ್ದಿಲನ್ನು ಒಟ್ಟಿಗೇ ಸುರಿದ. 'ಅಯ್ಯೋ, ಅಷ್ಟು ಹಾಕ್ತಾರಾ! ಉಸಿರುಕಟ್ಟುತ್ತೆ ಬೆಂಕಿಗೆ!' ಎಂದು ಕಮ್ಮಾರ ಒಳಗೊಳಗೇ ಒದ್ದಾಡಿದ. ಕಳ್ಳತನಕ್ಕಿಂತ ಆ ಇದ್ದಿಲು ಸುರಿದ ರೀತಿಯೇ ಅವನಿಗೆ ಹೆಚ್ಚು ಸಂಕಟ ಕೊಟ್ಟಿತು. ಅಷ್ಟರಲ್ಲಿ ಅಣ್ಣ ತಿದಿಯ ಹಗ್ಗ ಹಿಡಿದು, ಬಾವಿಯಿಂದ ಕೊಡ ಸೇದುವವನಂತೆ ಜಗ್ಗಿ ಎಳೆದ.

ಬಲೆ ಝಲ್ಲೆಂದು ಬಿತ್ತು. ಕೊಕ್ಕೆಗಳು ಒಂದನ್ನೊಂದು ಕಚ್ಚಿಕೊಂಡವು. ಎಷ್ಟು ಚೆನ್ನಾಗಿ ಕಚ್ಚಿಕೊಂಡವೆಂದರೆ, ಆ ಗಳಿಗೆಯಲ್ಲೂ ಕಮ್ಮಾರನಿಗೆ ಹೆಮ್ಮೆಯೆನಿಸಿತು.

ಅಣ್ಣ ಕೊಸರಾಡಲಿಲ್ಲ. ತಂತಿಯ ಕಣ್ಣುಗಳೊಳಗಿನಿಂದ, ಮೂಟೆಗಳ ಹಿಂದಿನಿಂದ ಏಳುತ್ತಿದ್ದ ತಮ್ಮನನ್ನು ಕಂಡ. ಆಮೇಲೆ ಅಡಿಗಲ್ಲಿನ ಕಡೆ ತಿರುಗಿ, ಗಂಭೀರವಾಗಿ ಅದಕ್ಕೆ ಹೇಳಿದ. "ಈ ಕುಲುಮೇಲಿ ಜೇಡ ಕಟ್ಟಿದೆ. ಗುಡಿಸೋರಿಲ್ಲ ಅಂತ ಕಾಣುತ್ತೆ."

"ಜೇಡ ನೊಣಕ್ಕೆ ಅಂತ ಕಟ್ಟಿತ್ತು," ಎಂದು ಕಮ್ಮಾರ ನೀರಿನ ಬಾನಿಗೆ ಹೇಳಿದ. "ಕೋಣ ಸಿಕ್ಕಿದೆ."

"ಕೋಣಕ್ಕೆ ಹೊಲ ಕೊಟ್ಟರು. ಬೇಕಾ ಅಂತ ಯಾರೂ ಕೇಳಲಿಲ್ಲ."

"ಹೊಲ ಸಿಕ್ಕಿದವರಿಗೆ ದೂರು ಬೇರೆ! ನಡೆಯೋಕೆ ಬರದವನು, ಯಾವುದಕ್ಕೂ ಬಾರದವನು ಅಂತ ಈ ಮಸಿಯೊಳಗೆ ಎಸೆದರಲ್ಲ, ಅವನು ಏನನ್ನಬೇಕು?"

ಅಣ್ಣ ಅಡಿಗಲ್ಲನ್ನು ಬಿಟ್ಟು ನೇರ ತಮ್ಮನ ಮುಖ ನೋಡಿದ. "ಎಸೆದರಾ? ನಿನ್ನನ್ನಾ? ಲೋ, ದಿನಾ ನಿನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು, ಕೈ ಮೇಲೆ ಕೈ ಇಟ್ಟು ಸುತ್ತಿಗೆ ಹಿಡಿಸಿದ ಕಣೋ ಅಪ್ಪ. ನಾನು ಹತ್ರ ಬಂದರೆ 'ನಿನಗೇನು ಕೆಲಸ ಇಲ್ಲಿ, ಎತ್ತು ಹೊಡ್ಕೊಂಡು ಹೋಗು' ಅಂತ ಅಟ್ಟುತ್ತಿದ್ದ. ಅದಕ್ಕೇ ನಿನ್ನ ಹಿಂದೆ ನಿಂತು ಅಣಕಿಸ್ತಿದ್ದೆ. ಬೇರೆ ಏನು ಮಾಡಲಿ ನಾನು? ಒಂದು ಮೊಳೆ ಬಡಿಯೋದನ್ನೂ ಕಲಿಸಲಿಲ್ಲ ನನಗೆ." ಕೈಯಲ್ಲಿದ್ದ ಸೊಟ್ಟ ಕುಡುಗೋಲನ್ನು ಬಲೆಯೊಳಗೇ ಎತ್ತಿ ತೋರಿಸಿದ. "ಈ ವಯಸ್ಸಲ್ಲಿ ನಿನ್ನನ್ನ ಬಂದು ಕೇಳಲಾ, ಕಲಿಸು ಅಂತ?"

ಕಮ್ಮಾರ ಆ ಸೊಟ್ಟ ಕುಡುಗೋಲನ್ನು ನೋಡಿದ. ಒಂದೇ ಅಪ್ಪ, ಒಂದೇ ಕುಲುಮೆ. ತಾನು ಕಂಡ ಬಾಲ್ಯವೇ ಬೇರೆ, ಇವನು ಕಂಡದ್ದೇ ಬೇರೆ. ಅಷ್ಟರಲ್ಲಿ ಬೀದಿಯ ತಿರುವಿನಿಂದ ಉಪ್ಪಿನ ಗೊಗ್ಗರು ನಗು ಕೇಳಿಸಿತು. ಹಿಂದೆ ಹಲವು ಕಾಲುಗಳ ಸದ್ದು.

"ಯಾರು ಬರ್ತಿದ್ದಾರೆ?" ಎಂದ ಅಣ್ಣ.

"ಬೀದಿ."

"ಬೀದಿ ಅಂದ್ರೆ? ಎಲ್ಲರೂನಾ?"

"ಎಲ್ಲರೂ. ನಾನೇ ಕರೆದೆ."

ಅಣ್ಣ ಬೇಡಿಕೊಳ್ಳಲಿಲ್ಲ, ಬೈಯಲೂ ಇಲ್ಲ. ತಲೆಯ ಬಟ್ಟೆಯನ್ನು ಬಲೆಯೊಳಗೆ ಸಾಧ್ಯವಾದಷ್ಟು ಸರಿಮಾಡಿಕೊಂಡು, ಫೋಟೋ ತೆಗೆಸಿಕೊಳ್ಳುವವನಂತೆ ನೆಟ್ಟಗೆ ನಿಂತ. ಅಷ್ಟು ವರ್ಷ ಒಂದು ಅಡ್ಡಹೆಸರೂ ಅಂಟದ ಹಾಗೆ ಕಾಪಾಡಿಕೊಂಡು ಬಂದದ್ದನ್ನು ಇನ್ನೇನು ಕೆಳಗಿಡಬೇಕು, ಇಡುವುದಾದರೆ ನೆಟ್ಟಗೆ ನಿಂತೇ ಇಡೋಣ ಎಂಬಂತೆ. 'ಇದ್ದಿಲುಕಳ್ಳ' ಎಂದಿಡುತ್ತಾರೆ. ನಾಳೆ ಬದುವಿನ ಜಗಳಕ್ಕೆ ಹೋದರೆ, 'ಇದ್ದಿಲುಕಳ್ಳ ಬಂದ' ಎನ್ನುತ್ತಾರೆ. ಮಣ್ಣು ಮುಚ್ಚುವ ದಿನವೂ ಅನ್ನುತ್ತಾರೆ. ಇದನ್ನು ನೋಡಬೇಕೆಂದು ಕಮ್ಮಾರ ಚಿಕ್ಕಂದಿನಿಂದ ಎಷ್ಟು ಸಲ ಹಂಬಲಿಸಿರಲಿಲ್ಲ! ಈಗ ತಟ್ಟೆಯಲ್ಲಿಟ್ಟು ಎದುರಿಗೆ ಬಂದಿದೆ, ಬಾಯಿಗಿಡಲು ಆಗುತ್ತಿಲ್ಲ.

ಕುಂಟುತ್ತ ಧಾವಿಸಿ ಕೊಕ್ಕೆಗಳಿಗೆ ಕೈ ಹಾಕಿದ. ಒಂದು ಬಿಚ್ಚಿತು. ಇನ್ನೊಂದು ಬಿಚ್ಚುವಷ್ಟರಲ್ಲಿ ಮೊದಲಿನದು ಮತ್ತೆ ಕಚ್ಚಿಕೊಂಡಿತು. ಕೆಲಸ ಅಷ್ಟು ಪಕ್ಕಾ. ಕಾಲ ಸದ್ದು ಅರ್ಧಮೀಸೆಯ ಅಂಗಡಿ ದಾಟಿತು.

"ಸರಿ ಆಚೆ," ಎಂದ ಕಮ್ಮಾರ.

"ಎಲ್ಲಿಗೋ ಸರೀಲಿ? ಜಾಗ ಎಲ್ಲಿದೆ?"

"ಸರಿ ಅಂದ್ರೆ ಸರಿಯೋ!"

ಬಲೆಯ ಅಂಚೆತ್ತಿ, ತಲೆ ತೂರಿಸಿ, ಗಿಡ್ಡ ಕಾಲನ್ನು ಮೊದಲು, ಉದ್ದ ಕಾಲನ್ನು ಆಮೇಲೆ ಎಳೆದುಕೊಂಡು ಅವನು ಒಳಗೆ ನುಸುಳಿದ. ಕೊಕ್ಕೆಗಳು ಸಂತೋಷದಿಂದ ಅವನ ಅಂಗಿಯನ್ನೂ ಹಿಡಿದವು. ಆಯ ತಪ್ಪಿ ಇಬ್ಬರೂ ಒಬ್ಬರ ಮೇಲೊಬ್ಬರು ನೆಲಕ್ಕೆ ಬಿದ್ದರು.

ಬೀದಿ ಬಂದು ನಿಂತಿತು.

"ಕಳ್ಳ ಎಲ್ಲಿ?" ಎಂದ ಉಪ್ಪು.

"ಕಳ್ಳ ಎಲ್ಲಿ ಬಂದ!" ಎಂದ ಕಮ್ಮಾರ, ಅಣ್ಣನ ಮೊಣಕೈಯನ್ನು ತನ್ನ ಕತ್ತಿನಿಂದ ಸರಿಸುತ್ತ. "ಬಲೆ ತೂಕ ತಡೆಯುತ್ತೋ ಇಲ್ವೋ ನೋಡೋಣ ಅಂತ ಅಣ್ಣನ್ನ ಕರೆಸಿದ್ದೆ. ತೋರಿಸೋಕೆ ಹೋಗಿ… ಇಬ್ಬರೂ…"

ಮುಂದಿನದು ಯಾರಿಗೂ ಕೇಳಿಸಲಿಲ್ಲ. ನಗು ಬೀದಿಯ ಹೊಟ್ಟೆಯಿಂದ ಎದ್ದು ಬಂತು. ಉಪ್ಪು ಕಂಬ ಹಿಡಿದುಕೊಂಡ. ಹಿಟ್ಟಿನ ಗಿರಣಿಯವನ ಮೈಯಿಂದ ಹಿಟ್ಟು ಮೋಡದಂತೆ ಉದುರಿತು. ಅರ್ಧಮೀಸೆ ಕಣ್ಣೊರೆಸಿಕೊಂಡು, ಕೊಟ್ಟ ಮಾತಿನಂತೆ ತನ್ನ ಜವಾಬ್ದಾರಿ ನೆನಪು ಮಾಡಿಕೊಂಡು, ನೆಲದ ಮೇಲಿನ ಕಾಲುಗಳನ್ನು ಬೆರಳಲ್ಲಿ ಎಣಿಸಿದ. "ದೊಡ್ಡವರದು ಎರಡು, ಇವನದು ಒಂದೂವರೆ. ಮೂರೂವರೆ! ಇವತ್ತಿಂದ ಈ ಜೋಡಿಗೆ ಮೂರೂವರೆ!"

ಹಾಗೆ ಅಣ್ಣನಿಗೂ ಹೆಸರು ಅಂಟಿತು. ಆದರೆ ಒಬ್ಬನ ಹೆಗಲ ಮೇಲಲ್ಲ, ಇಬ್ಬರ ಮೇಲೆ ಹಂಚಿ.

ಗುಂಪಿನ ಹಿಂದೆ, ಮಧ್ಯಾಹ್ನದ ಬಿಡುವಿನಲ್ಲಿ ಓಡಿಬಂದ ಟೀಚರಮ್ಮ ಕಮ್ಮಾರನ ಹೆಂಡತಿಯ ಪಕ್ಕ ನಿಂತಿದ್ದರು. "ಆ ಕಥೇಲಿ ಬಲೆ ಕಟ್ಟಿದವನು ತಾನೇ ಒಳಗೆ ಹೋಗಲ್ಲ," ಎಂದರು ಮೆಲ್ಲಗೆ.

"ಪಾಪ, ಆ ದೇವರಿಗೆ ಅಣ್ಣತಮ್ಮ ಯಾರೂ ಇರಲಿಲ್ಲವೇನೋ."

"ಇದ್ದ ಕಣಮ್ಮ. ಬಲೆಗೆ ಸಿಕ್ಕಿದವನೇ ಅವನ ಒಡಹುಟ್ಟಿದವನು." ಟೀಚರಮ್ಮ ತಾವೇ ಆಡಿದ ಮಾತನ್ನು ಮೊದಲ ಸಲ ಕೇಳಿಸಿಕೊಂಡವರಂತೆ ಬಲೆಯ ಕಡೆ ತಿರುಗಿ ನೋಡಿದರು. "ಇಷ್ಟು ವರ್ಷ ಪಾಠ ಹೇಳಿದ್ದೀನಿ. ಅಲ್ಲಿ ನಿಂತು ಯೋಚನೆ ಮಾಡಿರಲಿಲ್ಲ."

ನಕ್ಕು ಸುಸ್ತಾದ ಬೀದಿ ತಡವಾದ ನಿದ್ದೆ ನೆನಪಾಗಿ ಚದುರಿತು. ಕಮ್ಮಾರನ ಹೆಂಡತಿ ಕತ್ತರಿಸುವ ಉಳಿ ಹಿಡಿದು ಬಲೆಯ ಪಕ್ಕ ಕೂತಳು. "ಯಾವ ಎಳೆ ಕಡೀಲಿ?"

"ಕಡೀಬೇಡ!" ಎಂದು ಅಣ್ಣ ತಮ್ಮ ಇಬ್ಬರೂ ಒಟ್ಟಿಗೇ ಕೂಗಿದರು.

"ಒಳ್ಳೇ ತಂತಿ ಕಣೆ," ಎಂದ ಕಮ್ಮಾರ. "ಕೊಕ್ಕೆ ಬಿಡಿಸು, ನಿಧಾನಕ್ಕೆ."

"ಇಂಥ ಕೆಲಸ ನಾನು ಎಲ್ಲೂ ನೋಡಿಲ್ಲಮ್ಮ," ಎಂದ ಅಣ್ಣ. ಅವನು ನೇರ ಮುಖಕ್ಕೆ ಹೊಗಳುವವನಲ್ಲ, ತಮ್ಮನ ಹೆಂಡತಿಗೆ ಹೇಳಿದ.

"ಭಾವ, ನೀವು ಅಲ್ಲಾಡದೆ ಕೂತರೆ ಸಂಜೆಯೊಳಗೆ ಬಿಡಿಸ್ತೀನಿ. ಇವರು ಬಾಯಿ ಮುಚ್ಚಿ ಕೂತರೆ ಇನ್ನೂ ಬೇಗ."

ಅವಳು ಉಳಿ ಪಕ್ಕಕ್ಕಿಟ್ಟು ಒಂದೊಂದೇ ಕೊಕ್ಕೆಗೆ ಕೈಹಾಕಿದಳು. ಬಲೆಯೊಳಗೆ ಇಬ್ಬರು ಗಂಡಸರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ಬೇರೆ ಕಡೆ ನೋಡೋಣವೆಂದರೆ ಕತ್ತು ತಿರುಗಿಸಲು ಜಾಗವಿರಲಿಲ್ಲ. ಬಹಳ ಹೊತ್ತಿನ ಮೇಲೆ ಅಣ್ಣ ತೊಡೆಯ ಮೇಲಿದ್ದ ಕುಡುಗೋಲನ್ನು ತಿರುಗಿಸಿ ನೋಡಿದ.

"ಮಾಡಿದ್ದೆಲ್ಲ ಮುರಿಯುತ್ತೆ ಕಣೋ. ಕಲ್ಲಿಗೆ ತಾಗಿದರೆ ಗಾಜಿನ ಹಾಗೆ."

"ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಹಾಗೇ ಬಿಟ್ಟುಬಿಡ್ತೀಯ ತಾನೆ?"

"ಮತ್ತೆ?"

"ಅದ್ದಿದ ಕಬ್ಬಿಣಕ್ಕೆ ಸೊಕ್ಕು ಜಾಸ್ತಿ. ಬಾಗೋದಿಲ್ಲ, ಮುರಿದೇ ಹೋಗುತ್ತೆ. ತೆಗೆದು, ಮೈ ಉಜ್ಜಿ ಬೆಳ್ಳಗೆ ಮಾಡಿ, ಮತ್ತೆ ಬೆಂಕಿ ಹತ್ರ ಸುಮ್ಮನೆ ಹಿಡೀಬೇಕು. ಬೆಂಕಿಯೊಳಗಲ್ಲ, ಹತ್ರ. ಆಗ ಬಣ್ಣ ಬರುತ್ತೆ. ಮೊದಲು ಒಣಹುಲ್ಲಿನ ಬಣ್ಣ."

"ಆಗ ತೆಗೀಬೇಕಾ?"

"ಅವಸರ ನೋಡು ಇವನದು. ಹುಲ್ಲು ಕಂದಾಗುತ್ತೆ. ಕಂದು ಅಂಚಿಂದ ಹರೀತಾ ಹೋಗುತ್ತೆ, ನೀರು ಹರಿದ ಹಾಗೆ. ನೀನು ಹೊಲಕ್ಕೆ ನೀರು ಬಿಡೋದಿಲ್ವಾ, ಹಾಗೇ ನೋಡ್ತಾ ಕೂರಬೇಕು…"

"ಬಿಚ್ಚಿದ್ದಾಯ್ತು, ಏಳಿ," ಎಂದಳು ಹೆಂಡತಿ, ಕೊನೆಯ ಕೊಕ್ಕೆ ಬಿಡಿಸಿ ಬಲೆಯನ್ನು ಅವರ ತಲೆಯ ಮೇಲಿಂದ ಎಳೆದುಕೊಳ್ಳುತ್ತ.

ಅಣ್ಣ ಅವಳ ಕಡೆ ನೋಡದೆ ಸುಮ್ಮನಿರೆಂದು ಕೈಸನ್ನೆ ಮಾಡಿದ. "ಕಂದು ಆದ ಮೇಲೆ?" ಎಂದ ತಮ್ಮನಿಗೆ.